ತಪ್ಪು ಒಪ್ಪಿಕೊಂಡವರಿಗೆ ಮೆಮೊ ಕೊಡಬೇಡಿ: ಆರೋಗ್ಯ ಸಚಿವರಿಗೆ ನಿವೃತ್ತ ದಾದಿಯ ಬಹಿರಂಗ ಪತ್ರ

ಮಹಾರಾಷ್ಟ್ರ ರಾಜ್ಯದ ಸಾರ್ವಜನಿಕ ಆರೋಗ್ಯ ಸಚಿವರಿಗೆ,

ಡೊಂಬಿವಲಿಯಿಂದ ನಮಸ್ಕಾರ.

ಈ ಪತ್ರದ ಮರಾಠಿ ಪ್ರತಿಯನ್ನು ಸ್ಪೀಡ್ ಪೋಸ್ಟ್ ಮೂಲಕ ಮುಂಬಯಿಯ ಮಂತ್ರಾಲಯಕ್ಕೆ, ಅಂದರೆ ನಿಮ್ಮ ಸಚಿವಾಲಯಕ್ಕೆ ಕಳುಹಿಸಿದ್ದೇನೆ. ಅದು ಯಾವ ಮೇಜಿನ ಮೇಲೆ, ಯಾವ ಕಡತದ ಅಡಿಯಲ್ಲಿ ಕುಳಿತಿದೆಯೋ ತಿಳಿಯದು. ಕನ್ನಡದಲ್ಲಿ ಮತ್ತೊಮ್ಮೆ ಬರೆಯುವುದಕ್ಕೆ ಕಾರಣವಿದೆ. ನಿಮ್ಮ ರಾಜ್ಯದ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ದಾದಿಯರಲ್ಲಿ, ವರಾಂಡದಲ್ಲಿ ಚಾಪೆ ಹಾಸಿ ಮಲಗುವ ರೋಗಿಗಳ ಕಡೆಯವರಲ್ಲಿ ಕನ್ನಡ ಓದುವವರು ಬಹಳ ಮಂದಿ ಇದ್ದಾರೆ. ಅವರೂ ಓದಲಿ. ನಾನು ಉತ್ತರ ಕನ್ನಡದ ಕುಮಟಾ ಕಡೆಯವಳು. 1984ರಲ್ಲಿ ಮುಂಬಯಿಗೆ ಬಂದು ಮೂವತ್ತೈದು ವರ್ಷ ದಾದಿಯಾಗಿ ದುಡಿದು, ಸಿಸ್ಟರ್ ಇನ್‌ಚಾರ್ಜ್ ಆಗಿ ನಿವೃತ್ತಳಾದೆ. ಹೆಸರು ಹಾಕಿಲ್ಲ. ನನಗಾಗಿ ಹೆದರಿ ಅಲ್ಲ. ಪಿಂಚಣಿ ಕಿತ್ತುಕೊಳ್ಳುವಂಥ ಮಾತೇನೂ ಇದರಲ್ಲಿಲ್ಲ. ನಾನು ಯಾರೆಂದು ಗೊತ್ತಾದರೆ, ಮುಂದೆ ಹೇಳಲಿರುವ ಹುಡುಗಿ ಯಾರೆಂಬುದು ನಮ್ಮವರಿಗೆಲ್ಲ ಒಂದೇ ಗಳಿಗೆಯಲ್ಲಿ ಗೊತ್ತಾಗಿಬಿಡುತ್ತದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

1996ರ ಮಳೆಗಾಲ. ಮಕ್ಕಳ ವಾರ್ಡು. ನಲವತ್ತು ಹಾಸಿಗೆಗೆ ಅರವತ್ತಕ್ಕಿಂತ ಹೆಚ್ಚು ಮಕ್ಕಳು. ಮಂಚ ಮಂಚದ ನಡುವೆ ನೆಲದ ಮೇಲೂ ಹಾಸಿಗೆ. ರಾತ್ರಿ ಪಾಳಿಗೆ ನಾನು, ಮೂರನೆಯ ವರ್ಷದ ಒಬ್ಬ ವಿದ್ಯಾರ್ಥಿನಿ, ಒಬ್ಬ ಮೌಶಿ (ವಾರ್ಡಿನ ಆಯಾ). ಬೆಳಗಿನ ಜಾವ ನಾಲ್ಕಕ್ಕೆ ನ್ಯುಮೋನಿಯಾ ಆಗಿದ್ದ ಎರಡು ವರ್ಷದ ಮಗುವಿಗೆ ಆಂಪಿಸಿಲಿನ್ ಕೊಡಬೇಕಿತ್ತು. ಅದು ಪುಡಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಕೊಡುವುದು. ಟ್ರೇಯಿಂದ ಆ್ಯಂಪ್ಯೂಲ್ ತೆಗೆದು ಕತ್ತು ಮುರಿದೆ, ಸಿರಿಂಜಿಗೆ ಎಳೆದುಕೊಂಡೆ. ಪಕ್ಕದಲ್ಲಿದ್ದ ಹುಡುಗಿ ಅಳುಕುತ್ತಲೇ, “ಸಿಸ್ಟರ್, ಆ ಖಾಲಿ ಆ್ಯಂಪ್ಯೂಲ್ ಒಮ್ಮೆ ಕೊಡುತ್ತೀರಾ?” ಎಂದಳು. ದೀಪದ ಕಡೆ ತಿರುಗಿಸಿ ಓದಿದಳು. ನೀರಾಗಿರಲಿಲ್ಲ, ಪೊಟ್ಯಾಸಿಯಂ ಕ್ಲೋರೈಡ್. ಸಲೈನಿನಲ್ಲಿ ಬೆರೆಸಿ ಗಂಟೆಗಟ್ಟಲೆ ಹನಿಹನಿಯಾಗಿ ಬಿಡಬೇಕಾದದ್ದು. ಹಾಗೆಯೇ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತುಹೋಗುತ್ತದೆ. ಎರಡಕ್ಕೂ ಒಂದೇ ಗಾತ್ರ, ಒಂದೇ ಬಗೆಯ ಗಾಜು, ಒಂದೇ ಟ್ರೇ.

ಸಿರಿಂಜನ್ನು ಸಿಂಕಿನಲ್ಲಿ ಖಾಲಿ ಮಾಡಿದೆ. ಮಗು ಗುಣವಾಗಿ ಮನೆಗೆ ಹೋಯಿತು. ಆ್ಯಂಪ್ಯೂಲ್ ಓದದೆ ಮುರಿದದ್ದು ನಿದ್ದೆಗಣ್ಣಿನ ತಪ್ಪು. ಪೂರ್ತಿ ಎಚ್ಚರವಿದ್ದು ಮಾಡಿದ ತಪ್ಪು ಅದರ ನಂತರದ್ದು. “ಯಾರಿಗೂ ಹೇಳಬೇಡ” ಎಂದು ಆ ಹುಡುಗಿಗೆ ಹೇಳಿದೆ.

ಬೆಳಿಗ್ಗೆ ಓವರ್ ಕೊಡುವಾಗ, ಅಂದರೆ ಮುಂದಿನ ಪಾಳಿಯವರಿಗೆ ವಾರ್ಡು ಒಪ್ಪಿಸುವಾಗ, ಅರವತ್ತು ಮಕ್ಕಳ ಜ್ವರ, ಭೇದಿ, ಸಲೈನಿನ ಲೆಕ್ಕವನ್ನೆಲ್ಲ ಒಪ್ಪಿಸಿದೆ, ಇದೊಂದನ್ನು ನುಂಗಿಕೊಂಡೆ. ಎರಡೂ ಬಗೆಯ ಆ್ಯಂಪ್ಯೂಲ್‌ಗಳು ಅದೇ ಟ್ರೇಯಲ್ಲಿ ಉಳಿದವು. ನಾನು ಆ ವಾರ್ಡಿನಿಂದ ವರ್ಗವಾಗುವವರೆಗೂ ಉಳಿದಿದ್ದವು. ನನ್ನ ನಂತರ ಆ ಟ್ರೇಗೆ ಕೈ ಹಾಕಿದವರ ಪಕ್ಕದಲ್ಲಿ ದೀಪದ ಕಡೆ ತಿರುಗುವ ವಿದ್ಯಾರ್ಥಿನಿ ಇದ್ದಳೋ ಇಲ್ಲವೋ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಗಳ ಸುರಕ್ಷತೆಗೆಂದು ಒಂಬತ್ತು ಪರಿಹಾರಗಳನ್ನು ಪ್ರಕಟಿಸಿತು. ಪೊಟ್ಯಾಸಿಯಂನಂಥ ಗಾಢ ದ್ರಾವಣಗಳ ಮೇಲೆ ಹಿಡಿತವಿರಬೇಕು ಎನ್ನುವುದು ಅವುಗಳಲ್ಲೊಂದು. ನೋಡಲು ಒಂದೇ ಥರ ಇರುವ, ಕೇಳಲು ಒಂದೇ ಥರ ಇರುವ ಔಷಧಗಳ ವಿಷಯವೂ ಅದರಲ್ಲಿದೆ. ಅದನ್ನು ಓದಿದ ದಿನ ನನಗೆ ಹೊಳೆದದ್ದು ಇಷ್ಟು: ಜಗತ್ತಿನಲ್ಲಿ ಎಲ್ಲೆಲ್ಲೋ ನನ್ನಂಥವರು ಬಾಯಿ ಬಿಟ್ಟಿದ್ದಾರೆ, ಆದ್ದರಿಂದ ಇದು ಪಟ್ಟಿಗೆ ಬಂದಿದೆ. ನಾನು ಬಿಟ್ಟಿರಲಿಲ್ಲ.

ಇನ್ನು ಇಂದಿನ ವಿಷಯ. ವಿಜಯಪುರ ಜಿಲ್ಲೆಯ ಒಬ್ಬ ಹುಡುಗಿ, ಇಪ್ಪತ್ತಾರರ ಪ್ರಾಯ, ನಮ್ಮ ಕಟ್ಟಡದಲ್ಲೇ ಇನ್ನಿಬ್ಬರು ದಾದಿಯರ ಜೊತೆ ಬಾಡಿಗೆಗೆ ಇದ್ದಾಳೆ. ಕೆಲಸ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಯಾವುದೆಂದು ಕೇಳಬೇಡಿ. ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದು ನನ್ನ ಅಡುಗೆಮನೆಯಲ್ಲಿ ಕುಳಿತು ಚಹಾ ಕುಡಿಯುತ್ತಾಳೆ. ರೊಟ್ಟಿ ಮಾಡಿದ ದಿನ ನನಗೂ ಎರಡು ತರುತ್ತಾಳೆ.

ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ ಎಂಬುದು ನಿಮಗೆ ಗೊತ್ತಿರಬಹುದು. ಒಂದು, ಮಿಲಿಲೀಟರಿಗೆ 40 ಯೂನಿಟ್ ಇರುವುದು. ಇನ್ನೊಂದು, 100 ಯೂನಿಟ್ ಇರುವುದು. ಸಿರಿಂಜೂ ಅದಕ್ಕೆ ತಕ್ಕಂತೆ ಎರಡು. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ರಾತ್ರಿ ಎರಡು ಗಂಟೆಯ ಬೆಳಕಿನಲ್ಲಿ ಕೆಂಪಿಗೂ ಕಿತ್ತಳೆಗೂ ಎಷ್ಟು ದೂರ? ಸ್ಟೋರಿನಿಂದ ಬರುವ ಡಬ್ಬಿಯಲ್ಲಿ ಎರಡೂ ಬೆರೆತಿದ್ದವು. ಆಕೆ ಒಬ್ಬ ಅಜ್ಜನಿಗೆ 16 ಯೂನಿಟ್ ಕೊಡಬೇಕಿತ್ತು. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 16ರ ಗೆರೆಯವರೆಗೆ ಎಳೆದಳು. ಹೋದದ್ದು 40 ಯೂನಿಟ್. ಸ್ವಲ್ಪ ಹೊತ್ತಿಗೆ ಅಜ್ಜ ಬೆವರತೊಡಗಿದರು. ಅವಳು ರಕ್ತದ ಸಕ್ಕರೆ ಪರೀಕ್ಷಿಸಿದಳು, 48ಕ್ಕೆ ಇಳಿದಿತ್ತು. ಡಾಕ್ಟರನ್ನು ಕರೆದಳು, ಡೆಕ್ಸ್‌ಟ್ರೋಸ್ (ಸಕ್ಕರೆಯ ದ್ರಾವಣ) ಹೋಯಿತು, ಅಜ್ಜ ಚೇತರಿಸಿಕೊಂಡರು.

ಇಲ್ಲಿಯವರೆಗೆ ಅವಳ ಕಥೆಯೂ ನನ್ನ ಕಥೆಯೂ ಒಂದೇ. ಮುಂದೆ ಅವಳು ನನಗಿಂತ ಬೇರೆ ದಾರಿ ಹಿಡಿದಳು. ಬೆಳಗಾಗುವುದರೊಳಗೆ ಡಬ್ಬಿಯಲ್ಲಿದ್ದ ಸಿರಿಂಜುಗಳನ್ನೆಲ್ಲ ಸುರಿದು ಬೇರ್ಪಡಿಸಿ ಎಣಿಸಿದಳು. ಸಿಹಿತಿಂಡಿಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಟ್ರೇಗೆ ನಡುಗೋಡೆ ಮಾಡಿದಳು. ಅಜ್ಜನ ಮಗನಿಗೆ ವಿಷಯ ತಿಳಿಸಬೇಕೆಂದು ಡಾಕ್ಟರಿಗೆ ಹೇಳಿದಳು. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ಅವಘಡ ವರದಿ ಮಾಡುವ ಫಾರ್ಮ್ ಇರಲೇಬೇಕಲ್ಲವೇ, ಆ ಫಾರ್ಮ್ ತೆಗೆದು ತನ್ನ ಹೆಸರು ಹಾಕಿ ನಡೆದದ್ದನ್ನು ನಡೆದಂತೆ ಬರೆದಳು. ಕೊನೆಯಲ್ಲಿ, ಒಂದೇ ಸಾಂದ್ರತೆಯ ಇನ್ಸುಲಿನ್, ಒಂದೇ ಬಗೆಯ ಸಿರಿಂಜು ತರಿಸಿದರೆ ಈ ತಪ್ಪು ಆಗುವ ದಾರಿಯೇ ಮುಚ್ಚುತ್ತದೆ ಎಂದು ಸೇರಿಸಿದಳು.

ಹದಿಮೂರು ದಿನಗಳ ನಂತರ ಉತ್ತರ ಬಂತು. ಮೆಮೊ. ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿದ್ದಕ್ಕೆ ಏಕೆ ಕ್ರಮ ಕೈಗೊಳ್ಳಬಾರದು, ಏಳು ದಿನದಲ್ಲಿ ಲಿಖಿತವಾಗಿ ತಿಳಿಸುವುದು. ಸಿರಿಂಜಿನ ಬಗ್ಗೆ ಅದರಲ್ಲಿ ಒಂದು ಅಕ್ಷರವಿಲ್ಲ. ರಟ್ಟಿನ ನಡುಗೋಡೆಯನ್ನು ತಪಾಸಣೆಗೆ ಯಾರೋ ಬರುತ್ತಾರೆಂದು ತೆಗೆಸಿದರಂತೆ.

ಸಚಿವರೇ, ಸೆಪ್ಟೆಂಬರ್ 17 ಬಂತೆಂದರೆ ವಿಶ್ವ ರೋಗಿ ಸುರಕ್ಷತಾ ದಿನ. 2019ರಿಂದ ನಡೆಯುತ್ತಿದೆ. ಅಂದು ಕಟ್ಟಡಗಳಿಗೆ ಕಿತ್ತಳೆ ಬಣ್ಣದ ದೀಪ ಹಾಕುತ್ತಾರೆ, ಭಾಷಣಗಳಾಗುತ್ತವೆ. ಅಭಿವೃದ್ಧಿಶೀಲ ದೇಶಗಳಲ್ಲಿ ಚಿಕಿತ್ಸೆಯ ಗುಣಮಟ್ಟ ಸುಧಾರಿಸಬಲ್ಲ ಉದಯೋನ್ಮುಖ ನಾಯಕರು ಬೇಕು ಎಂದು ಪ್ರತಿ ವೇದಿಕೆಯಲ್ಲೂ ಹೇಳುತ್ತಾರೆ. ಆ ನಾಯಕಿ ಡೊಂಬಿವಲಿಯಲ್ಲಿ ನನ್ನ ಅಡುಗೆಮನೆಯಲ್ಲಿ ಕುಳಿತು ಮೆಮೊಗೆ ಏನು ಉತ್ತರ ಬರೆಯಲಿ ಎಂದು ಕೇಳುತ್ತಿದ್ದಾಳೆ.

ಇದು ಒಂದು ಆಸ್ಪತ್ರೆಯ ಹಣೆಬರಹವಾಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ರಾಜ್ಯವೇ ಹೀಗೆ ಯೋಚಿಸುತ್ತದೆ. 2021ರ ಜನವರಿ 9ರಂದು ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ವಿಭಾಗದಲ್ಲಿ ಬೆಂಕಿ ಬಿದ್ದು ಹತ್ತು ಕೂಸುಗಳು ಸತ್ತವು. ಮೇಲಿನವರಿಗೆ ಅಮಾನತು, ವರ್ಗಾವಣೆ. ಗುತ್ತಿಗೆಯ ಮೇಲಿದ್ದ ದಾದಿಯರಿಗೆ ಕೆಲಸದಿಂದಲೇ ವಜಾ. ಅದೇ ವರ್ಷ ನವೆಂಬರ್ 6ರಂದು, ಆಗ ಅಹಮದ್‌ನಗರ ಎಂದಿದ್ದ ಊರಿನ ಜಿಲ್ಲಾ ಆಸ್ಪತ್ರೆಯ ಐಸಿಯುನಲ್ಲಿ ಬೆಂಕಿ. ಅಂದು ಸತ್ತವರು ಹನ್ನೊಂದು ಮಂದಿ. ಬಂಧನಕ್ಕೊಳಗಾದವರಲ್ಲಿ ಒಬ್ಬ ವೈದ್ಯೆಯೂ ದಾದಿಯರೂ ಇದ್ದರು. ಆಗ ನಿಮ್ಮ ಕುರ್ಚಿಯಲ್ಲಿ ಬೇರೆಯವರಿದ್ದರು, ಒಪ್ಪುತ್ತೇನೆ. ಅಂದು ದಾದಿಯರು ಏನು ಮಾಡಬೇಕಿತ್ತು, ಮಾಡಲಿಲ್ಲ ಎಂಬುದನ್ನು ನ್ಯಾಯಾಲಯ ನೋಡಲಿ. ಆದರೆ ಕಟ್ಟಡಕ್ಕೆ ವಿದ್ಯುತ್ ತಂತಿ ಎಳೆಯುವವಳು ದಾದಿಯಲ್ಲ, ಬೆಂಕಿ ನಂದಿಸುವ ಕೊಳವೆಗೆ ಹಣ ಮಂಜೂರು ಮಾಡುವವಳೂ ಅವಳಲ್ಲ.

ಇನ್ನೊಂದು ಸಂಗತಿ ಬಹಳ ಜನರ ಕಣ್ಣಿಗೆ ಬಿದ್ದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ನೋಡಿ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆ ಐದು ವರ್ಷದವರೆಗೆ ಸಜೆ. ಚಿಕಿತ್ಸೆ ನೀಡುವಾಗ ನೋಂದಾಯಿತ ವೈದ್ಯರಿಂದ ಆದರೆ ಎರಡು ವರ್ಷದವರೆಗೆ. ನೋಂದಾಯಿತ ವೈದ್ಯರೆಂದರೆ ಯಾರು ಎಂಬ ವಿವರಣೆಯನ್ನೂ ಕೊಟ್ಟಿದ್ದಾರೆ. ಅದರಲ್ಲಿ ದಾದಿ ಬರುವುದಿಲ್ಲ. ಒಂದೇ ಮಂಚದ ಬಳಿ, ಒಂದೇ ರಾತ್ರಿ, ಒಂದೇ ತಪ್ಪಿನಲ್ಲಿ ಇಬ್ಬರೂ ಪಾಲುದಾರರಾದರೆ ಔಷಧ ಬರೆದವರಿಗೆ ಎರಡು, ಚುಚ್ಚಿದವಳಿಗೆ ಐದು. ಕಾನೂನು ಕೇಂದ್ರದ್ದು, ನಿಮ್ಮ ಕೈಯಲ್ಲಿಲ್ಲ. ದಾದಿಯ ಬಾಯಿ ಏಕೆ ಹೊಲಿದುಕೊಂಡಿರುತ್ತದೆ ಎಂಬುದು ನಿಮಗೆ ತಿಳಿದಿರಲಿ ಎಂದು ಬರೆದೆ.

ವಿಚಿತ್ರ ನೋಡಿ. ಔಷಧದಿಂದ ರೋಗಿಗೆ ಅಡ್ಡಪರಿಣಾಮ ಆದರೆ ಅದನ್ನು ವರದಿ ಮಾಡಲು ದೇಶದಲ್ಲಿ 2010ರಿಂದ ಒಂದು ಏರ್ಪಾಡಿದೆ. ದಾದಿಯೂ ಫಾರ್ಮ್ ತುಂಬಿ ಕಳುಹಿಸಬಹುದು, ಹೆಸರು ಗುಟ್ಟಾಗಿರುತ್ತದೆ. ರಕ್ತ ಕೊಟ್ಟಾಗ ತೊಂದರೆಯಾದರೆ ವರದಿ ಮಾಡುವ ವ್ಯವಸ್ಥೆ 2012ರಲ್ಲಿ ಬಂತು. ಅಂದರೆ ಮಾತ್ರೆಯ ತಪ್ಪನ್ನು ಹೇಳಿದರೆ ಕಿವಿಗೊಡುತ್ತಾರೆ. ಮನುಷ್ಯರ ತಪ್ಪನ್ನು ಹೇಳಿದರೆ ಮೆಮೊ ಕೊಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಆಸ್ಪತ್ರೆಗಳಲ್ಲಿ ವರ್ಷಕ್ಕೆ 13.4 ಕೋಟಿ ಅವಘಡಗಳಾಗುತ್ತವೆ, ಅವುಗಳಿಂದ 26 ಲಕ್ಷ ಸಾವು. 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವೊಂದು ಇನ್ನೂ ಕಹಿಯಾದ ಲೆಕ್ಕ ಕೊಟ್ಟಿತು. ಈ ದೇಶಗಳಲ್ಲಿ ತಪ್ಪಿಸಬಹುದಾಗಿದ್ದ ಸಾವುಗಳಲ್ಲಿ, ಚಿಕಿತ್ಸೆಯೇ ಸಿಗದೆ ಸತ್ತವರಿಗಿಂತ ಚಿಕಿತ್ಸೆ ಸಿಕ್ಕೂ ಅದು ಸರಿಯಿಲ್ಲದೆ ಸತ್ತವರೇ ಹೆಚ್ಚು. ಹೊಸ ಆಸ್ಪತ್ರೆಗೆ ಶಂಕುಸ್ಥಾಪನೆ ಮಾಡುವಾಗಲೆಲ್ಲ ಇದು ನೆನಪಾಗಲಿ ಎಂದು ಬಯಸುತ್ತೇನೆ.

ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರಾಯಿತು ಎನ್ನುವವರಿದ್ದಾರೆ. ಪಟ್ಟಿಗೆ ನಾನು ವಿರೋಧಿಯಲ್ಲ. ಶಸ್ತ್ರಚಿಕಿತ್ಸೆಯ ಹತ್ತೊಂಬತ್ತು ಅಂಶಗಳ ಸುರಕ್ಷತಾ ಪಟ್ಟಿಯನ್ನು ದೆಹಲಿಯಿಂದ ತಾಂಜಾನಿಯಾದ ಇಫಾಕಾರದವರೆಗೆ ಎಂಟು ಊರುಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ಪ್ರಕಟವಾಯಿತು. ಚಾಕು ಇಡುವ ಮೊದಲು ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು ಎಂಬುದೂ ಆ ಪಟ್ಟಿಯಲ್ಲಿದೆ. ನಗಬೇಡಿ. ತನ್ನ ಹೆಸರನ್ನು ಒಮ್ಮೆ ಜೋರಾಗಿ ಹೇಳಿದ ದಾದಿ, “ಸರ್, ಎಡಗಾಲಲ್ಲ, ಬಲಗಾಲು” ಎಂದು ಹೇಳುವುದಕ್ಕೂ ಅಂಜುವುದಿಲ್ಲ.

ಆದರೆ ಇನ್ನೊಂದು ಪಟ್ಟಿಯ ಕಥೆಯೂ ಇದೆ, ಅದರ ಆರಂಭ ನಮ್ಮ ಕರ್ನಾಟಕದ್ದೇ. ಸುರಕ್ಷಿತ ಹೆರಿಗೆಯ ಪಟ್ಟಿಯನ್ನು 2010ರಲ್ಲಿ ಅಲ್ಲಿಯ ಒಂದು ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ ಪ್ರಯೋಗಿಸಿದರು. ಹೆರಿಗೆಯ ವೇಳೆ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿದ್ದವು, ನಂತರ 25 ಆದವು. ಆ ಭರವಸೆಯ ಮೇಲೆ ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ದೊಡ್ಡ ಅಧ್ಯಯನ ನಡೆಯಿತು. 2017ರಲ್ಲಿ ಫಲಿತಾಂಶ ಬಂದಾಗ ಸಾವು ಕಡಿಮೆಯಾಗಿರಲಿಲ್ಲ. ಅಲ್ಲಿ ತರಬೇತುದಾರ ದಾದಿಯರು ಹೆರಿಗೆ ಕೋಣೆಗೇ ಬಂದು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದಾಗ ಶೇ 73ರಷ್ಟು ಪದ್ಧತಿಗಳು ಪಾಲನೆಯಾಗುತ್ತಿದ್ದವು. ಅವರು ಬರುವುದು ನಿಂತ ಮೇಲೆ ಅದು ಶೇ 62ಕ್ಕೆ ಜಾರಿತು. ರಕ್ತ, ಔಷಧ, ಅನುಭವಿ ಕೈಗಳ ಕೊರತೆಯನ್ನು ಕಾಗದ ತುಂಬಲಾರದು. ಹೊರಗಿನಿಂದ ಬಂದ ಗುರು ಎಂದಾದರೊಂದು ದಿನ ಹೊರಡಲೇಬೇಕು. ಉಳಿಯುವವರು ವಾರ್ಡಿನವರೇ. ಅರವತ್ತು ಮಕ್ಕಳಿಗೆ ಒಬ್ಬ ದಾದಿಯನ್ನು ಇಟ್ಟು ಅವಳ ಕೈಗೆ ಪಟ್ಟಿ ಕೊಟ್ಟರೆ ಅರವತ್ತೊಂದನೆಯ ಕೂಸನ್ನು ಕೊಟ್ಟಂತೆ.

ದುಡ್ಡಿಲ್ಲ ಎನ್ನುವ ಮಾತಿಗೆ ಆಫ್ರಿಕದ ಮಾಲಿ ದೇಶವನ್ನು ನೆನೆಯುತ್ತೇನೆ. ನಮಗಿಂತ ಬಡ ದೇಶ. ಬಮಾಕೊ ನಗರದ ಆಸ್ಪತ್ರೆಯಲ್ಲಿ ಕೈ ಶುಚಿಗೊಳಿಸುವ ದ್ರವವನ್ನು ಅಲ್ಲೇ ಬೆಳೆದ ಕಬ್ಬಿನ ಆಲ್ಕೋಹಾಲ್‌ನಿಂದ ಅಲ್ಲೇ ತಯಾರಿಸಿದರು. ಕೈ ಶುಚಿಯ ಪಾಲನೆ ಶೇ 8ರಿಂದ 21.8ಕ್ಕೆ ಏರಿತು. ಇಷ್ಟೇನಾ ಎನ್ನಬೇಡಿ; ವಾರ್ಡಿನಲ್ಲಿ ನಿಂತು ಎಣಿಸಿದವರಿಗೆ ಅದು ಎಷ್ಟು ದೊಡ್ಡ ಏರು ಎಂದು ಗೊತ್ತು. ಕಬ್ಬಿಗಂತೂ ನಿಮ್ಮ ರಾಜ್ಯದಲ್ಲಿ ಬರವಿಲ್ಲ.

ಇನ್ನು ನಮ್ಮ ಊರಿನದೇ ಒಂದು ಉದಾಹರಣೆ. ಅರುಣಾ ಶಾನಭಾಗ ನಮ್ಮ ಜಿಲ್ಲೆಯ ಹಳದೀಪುರದವರು, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿ. 1973ರಲ್ಲಿ ಆಸ್ಪತ್ರೆಯೊಳಗೇ ಹಲ್ಲೆಗೆ ಸಿಕ್ಕಿ ಮತ್ತೆಂದೂ ಏಳಲಿಲ್ಲ. 2015ರ ಮೇ 18ರಂದು ತೀರಿಕೊಂಡರು. ಅವರ ದಯಾಮರಣದ ಪ್ರಕರಣದಲ್ಲಿ 2011ರಲ್ಲಿ ತೀರ್ಪು ಬಂದಾಗ ಜನ ಕಾನೂನಿನ ಚರ್ಚೆ ಮಾಡಿದರು. ನಾವು ದಾದಿಯರು ಒಂದೇ ಸಾಲಿಗೆ ಅಂಟಿಕೊಂಡೆವು: ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗಿಲ್ಲ. ಹಾಸಿಗೆ ಹುಣ್ಣು ಎಂದರೆ ಏನು ಎಂದು ಮಲಗಿದ ಅತ್ತೆಯನ್ನೋ ಅಪ್ಪನನ್ನೋ ಆರು ತಿಂಗಳು ನೋಡಿಕೊಂಡವರನ್ನು ಕೇಳಿ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಬೆನ್ನು ಒಣಗಿಸಬೇಕು, ಚಾದರದ ಸುಕ್ಕು ತೆಗೆಯಬೇಕು, ರಾತ್ರಿ ಮೂರಕ್ಕೂ. ಒಂದು ತಲೆಮಾರಿನ ದಾದಿಯರು ನಿವೃತ್ತರಾಗುವಾಗ ಮುಂದಿನ ತಲೆಮಾರಿಗೆ ಆಕೆಯನ್ನು ಒಪ್ಪಿಸಿ ಹೋದರು, ಓವರ್ ಕೊಟ್ಟಂತೆ. ಗುಣಮಟ್ಟದ ಬಗ್ಗೆ ಬರುವ ಪರಿಣತರು ಬೆಡ್‌ಸೋರ್ ಪ್ರಮಾಣವನ್ನು ಅಳತೆಗೋಲು ಎನ್ನುತ್ತಾರೆ. ಆ ಅಳತೆಗೋಲಿನಲ್ಲಿ ಇದಕ್ಕಿಂತ ದೊಡ್ಡ ಸಾಧನೆ ನನಗೆ ಗೊತ್ತಿಲ್ಲ. ಅದನ್ನು ಮಾಡಿದವರಲ್ಲಿ ಎಷ್ಟು ಮಂದಿಯ ಹೆಸರು ನಿಮಗೆ ನೆನಪಿದೆ?

ಪುಣೆಯಲ್ಲೂ ಒಬ್ಬನನ್ನು ನೋಡಿದೆ, ಆಸ್ಪತ್ರೆಯೊಂದರ ಔಷಧ ಕೌಂಟರಿನ ಹುಡುಗ. ಅಕ್ಕಲಕೋಟೆಯವನು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳಿಗೆ ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ಬರೆದಿದ್ದರು. ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ, ದಿನವೂ ನುಂಗಿದರೆ ಪ್ರಾಣಕ್ಕೆ ಎರವಾಗಬಹುದು. “ಆಠವಡ್ಯಾತೂನ್ ಏಕದಾ” (ವಾರಕ್ಕೊಮ್ಮೆ) ಎಂದು ಮರಾಠಿಯಲ್ಲಿ ಸರಿಯಾಗಿಯೇ ಹೇಳಿ ಕಳುಹಿಸಿದ್ದರು. ಆಕೆಯ ಕಿವಿಗೆ ಬಿದ್ದದ್ದು ಆಠ, ಎಂಟು. ಎಂಟು ದಿನ, ದಿನಕ್ಕೊಂದು. ಆರನೆಯ ದಿನ ಬಾಯಿ ತುಂಬ ಹುಣ್ಣಾಗಿ ವಾಪಸು ಬಂದಾಗ ಕನ್ನಡದಲ್ಲಿ ಕೇಳಿ ವಿಷಯ ಹೊರತೆಗೆದವನು ಈ ಹುಡುಗ. ಪುಣ್ಯಕ್ಕೆ ಆಕೆ ಉಳಿದಳು. ಅಂದಿನಿಂದ ಆ ಮಾತ್ರೆಯ ಪ್ರತಿ ಪೊಟ್ಟಣದ ಮೇಲೆ ಅವನು ಮರಾಠಿಯಲ್ಲೂ ಕನ್ನಡದಲ್ಲೂ ‘ಸೋಮವಾರ ಮಾತ್ರ’ ಎಂದು ಬರೆಯುತ್ತಾನೆ. ಓದಲು ಬಾರದವರಿಗೆ ಏಳು ಸೊನ್ನೆ ಬರೆದು ಒಂದನ್ನು ಮಾತ್ರ ತುಂಬಿ ತೋರಿಸುತ್ತಾನೆ. ಪೆನ್ನಿನ ಖರ್ಚು ಅವನದೇ. 2021ರಲ್ಲಿ ರಾಜ್ಯ ಸರ್ಕಾರ ನರ್ಸಿಂಗ್ ಹೋಮ್ ನಿಯಮ ತಿದ್ದಿ ರೋಗಿಗಳ ಹಕ್ಕುಗಳ ಸನ್ನದನ್ನು ಗೋಡೆಗೆ ಹಾಕಿಸಿತು, ಒಳ್ಳೆಯದು. ಗೋಡೆಯ ಸನ್ನದು ಆಕೆಗೆ ಓದಲು ಬರುತ್ತಿರಲಿಲ್ಲ.

ಇಂಥವರಿಗೆ ಶಾಲು ಹೊದಿಸಿ ಎಂದು ನಾನು ಕೇಳುತ್ತಿಲ್ಲ. ಶಾಲು ಸಾಕಷ್ಟಿವೆ. ಕೇಳುವುದು ಒಂದು ಸರ್ಕಾರಿ ಆದೇಶವನ್ನು. ತನ್ನ ಕೈಯಿಂದಾದ ತಪ್ಪನ್ನು, ಅಥವಾ ಆಗುತ್ತಿದ್ದು ಕೂದಲೆಳೆಯಲ್ಲಿ ತಪ್ಪಿದ್ದನ್ನು ತಾನೇ ಮುಂದೆ ಬಂದು ವರದಿ ಮಾಡಿದವರ ಮೇಲೆ ಆ ವರದಿಯನ್ನೇ ಆಧಾರ ಮಾಡಿಕೊಂಡು ಮೆಮೊ, ಅಮಾನತು, ಸಂಬಳ ಕಡಿತ ಇರಕೂಡದು. ಕುಡಿದು ಬಂದವರಿಗೆ, ಬೇಕೆಂದೇ ಕೆಡುಕು ಮಾಡಿದವರಿಗೆ, ಮುಚ್ಚಿಟ್ಟವರಿಗೆ ಈ ರಕ್ಷೆ ಬೇಡ. ಮುಚ್ಚಿಟ್ಟವರಲ್ಲಿ ನಾನೂ ಬರುತ್ತೇನೆ, ಗೊತ್ತಿದೆ. ವರದಿಗೆ ಮೂವತ್ತು ದಿನದೊಳಗೆ ಆಸ್ಪತ್ರೆ ಉತ್ತರ ಕೊಡಬೇಕು. ಯಾರು ತಪ್ಪು ಮಾಡಿದರು ಎಂದಲ್ಲ, ಏನನ್ನು ಬದಲಿಸಿದೆವು ಎಂದು. ಬದಲಿಸಿಲ್ಲವಾದರೆ ಏಕೆ ಎಂದು. ಪ್ರತಿ ವಾರ್ಡಿನಲ್ಲಿ ಇಂಥ ಕೆಲಸದ ಒಲವಿರುವ ಒಬ್ಬ ದಾದಿಗೋ ಕಿರಿಯ ವೈದ್ಯರಿಗೋ ತಿಂಗಳಿಗೆ ಕೆಲವು ಗಂಟೆಗಳನ್ನು ಡ್ಯೂಟಿಯ ಲೆಕ್ಕದಲ್ಲೇ ಬಿಟ್ಟುಕೊಡಿ. ರಾತ್ರಿ ಪಾಳಿ ಮುಗಿದ ಮೇಲೆ, ಸ್ವಂತ ನಿದ್ದೆ ಕೆಡಿಸಿಕೊಂಡು ರಟ್ಟು ಕತ್ತರಿಸುವ ಹಾಗಾಗಬಾರದು. ಕೇಂದ್ರ ಸರ್ಕಾರ ರೋಗಿ ಸುರಕ್ಷತೆಗೆಂದು 2018ರಿಂದ 2025ರವರೆಗಿನ ಒಂದು ಚೌಕಟ್ಟು ಮಾಡಿತ್ತು, ಅದರ ಪ್ರತಿಯನ್ನು ವಾರ್ಡುಗಳಲ್ಲಿ ಯಾರೂ ಕಂಡ ಹಾಗಿಲ್ಲ. ನಿಮ್ಮ ಆದೇಶ ಎರಡು ಪುಟದ್ದಾದರೂ ಸಾಕು, ನರ್ಸಿಂಗ್ ಸ್ಟೇಷನ್ನಿನ ಗಾಜಿನ ಕೆಳಗೆ ಇಡುವಂತಿರಲಿ.

ನಿನ್ನೆ ಬೆಳಿಗ್ಗೆ ಆ ಹುಡುಗಿ ಮತ್ತೆ ಬಂದಿದ್ದಳು. ಜೊತೆಯ ಹುಡುಗಿಯರು ಬುದ್ಧಿ ಹೇಳಿದ್ದಾರೆ: ಕ್ಷಮಾಪಣೆ ಬರೆದುಕೊಡು, ಇನ್ನು ಮೇಲೆ ಫಾರ್ಮ್ ಮುಟ್ಟಬೇಡ. ನಾನು, ನಡೆದದ್ದನ್ನು ಇದ್ದ ಹಾಗೆ ಬರೆ, ಸಿರಿಂಜಿನ ಮಾತನ್ನು ಮತ್ತೆ ಬರೆ ಎಂದೆ. ಚಹಾದ ಲೋಟ ಕೆಳಗಿಟ್ಟು ಕೇಳಿದಳು: “ನನ್ನ ಜಾಗದಲ್ಲಿ ನೀವಿದ್ದಿದ್ದರೆ ಬರೆಯುತ್ತಿದ್ದಿರಾ, ಸಿಸ್ಟರ್?”

ಆಗ ಅವಳಿಗೆ 1996ರ ಕಥೆ ಹೇಳಿದೆ. ಇಪ್ಪತ್ತು ವರ್ಷ ಜೊತೆಗೆ ದುಡಿದವರಿಗೂ ಹೇಳಿರಲಿಲ್ಲ. ಕೇಳಿ ಅವಳು ಏನೂ ಅನ್ನಲಿಲ್ಲ, ಲೋಟ ತೊಳೆದಿಟ್ಟು ಮಲಗಲು ಹೋದಳು. ಮೆಮೊಗೆ ಉತ್ತರ ಕೊಡಲು ಅವಳಿಗೆ ಇನ್ನು ನಾಲ್ಕು ದಿನ ಇದೆ.

ಇಂತು,
ನಿವೃತ್ತ ಸಿಸ್ಟರ್ ಇನ್‌ಚಾರ್ಜ್
ಡೊಂಬಿವಲಿ ಪೂರ್ವ